ಆಕಾಶದ ಸುದ್ದಿ ಮತ್ತು ಸತ್ಯದ ಹೊಣೆ

ಆಕಾಶದ ಸುದ್ದಿಗೆ ಇಂದು ಬರವಿಲ್ಲ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪದ ಪ್ರದೇಶದಲ್ಲಿ ಇಳಿದಾಗ, ನಮ್ಮ ಹಳ್ಳಿಶಾಲೆಗಳ ಮಕ್ಕಳೂ ಅದನ್ನು ಆ ಕ್ಷಣದಲ್ಲೇ ಕಂಡರು. ಧೂಮಕೇತು, ಗ್ರಹಣ, ಉಲ್ಕಾವರ್ಷ, ಹೊಸ ದೂರದರ್ಶಕ ತೆಗೆದ ಚಿತ್ರ ಹೀಗೆ ಎಲ್ಲವೂ ವಿದ್ಯಾರ್ಥಿಯ ಅಂಗೈಯೊಳಗಿನ ಮೊಬೈಲಿಗೆ ಬಂದು ಸೇರುತ್ತವೆ. ಆದರೆ ಅದೇ ದಾರಿಯಲ್ಲಿ ಸುಳ್ಳೂ ಬರುತ್ತದೆ. ಬಂದ ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸುವುದು ಕೇವಲ ಅಜಾಗರೂಕತೆಯೋ ಅಥವಾ ನಮ್ಮ ಮನಸ್ಸಾಕ್ಷಿಯನ್ನು ತಟ್ಟಬೇಕಾದ ವಿಷಯವೋ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ನಿರುಪದ್ರವಿ ಸುಳ್ಳು ಎಂಬುದುಂಟೇ?

ಮೊದಲು ಯಾರಿಗೂ ಕೇಡು ಮಾಡದಂತೆ ತೋರುವ ಒಂದು ಉದಾಹರಣೆಯನ್ನು ನೋಡೋಣ. 2003ರ ಆಗಸ್ಟ್ 27ರಂದು ಮಂಗಳ ಗ್ರಹ ಭೂಮಿಗೆ ಸುಮಾರು 5 ಕೋಟಿ 58 ಲಕ್ಷ ಕಿಲೋಮೀಟರುಗಳಷ್ಟು ಸಮೀಪಕ್ಕೆ ಬಂದಿತ್ತು. ಎಪ್ಪತ್ತೈದು ಪಟ್ಟು ದೊಡ್ಡದಾಗಿ ತೋರಿಸುವ ದೂರದರ್ಶಕದಲ್ಲಿ ಮಂಗಳವು, ಬರಿಗಣ್ಣಿಗೆ ಹುಣ್ಣಿಮೆಯ ಚಂದ್ರ ಕಾಣುವಷ್ಟು ದೊಡ್ಡದಾಗಿ ಕಾಣುತ್ತದೆಂದು ಆಗ ಒಂದು ಸಂದೇಶ ಹರಡಿತು. ಅದರಲ್ಲಿ ತಪ್ಪಿರಲಿಲ್ಲ. ಕೈಯಿಂದ ಕೈಗೆ ದಾಟುವಾಗ ದೂರದರ್ಶಕದ ಮಾತು ಬಿಟ್ಟುಹೋಯಿತು. ಮಂಗಳವು ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ ಎಂಬುದಷ್ಟೇ ಉಳಿಯಿತು. ಅಂದಿನಿಂದ ಆಗಸ್ಟ್ ತಿಂಗಳು ಬಂತೆಂದರೆ ಈ ಸುದ್ದಿ ಮತ್ತೆ ಮತ್ತೆ ಜೀವ ತಳೆದಿದೆ.

ಇದರಿಂದ ಯಾರಿಗೇನು ನಷ್ಟವೆಂದು ನೀವು ಕೇಳಬಹುದು. ಆ ಮಾತನ್ನು ನಂಬಿ ರಾತ್ರಿಯಿಡೀ ಅಂಗಳದಲ್ಲಿ ಕಾದ ಮಗುವಿಗೆ ಚಂದ್ರನಷ್ಟು ದೊಡ್ಡ ಮಂಗಳ ಕಾಣುವುದಿಲ್ಲ. ಕಾಣುವುದು ಒಂದು ಕೆಂಪು ಚುಕ್ಕೆ ಮಾತ್ರ. ಆ ಚುಕ್ಕೆಯೇ ಅಷ್ಟು ದೂರದ ಇನ್ನೊಂದು ಲೋಕವೆಂಬ ನಿಜವಾದ ಬೆರಗು ಸುಳ್ಳಿನ ಬೆರಗಿನ ಮುಂದೆ ಸಪ್ಪೆಯಾಗುತ್ತದೆ. ಸುಳ್ಳು ಮೊದಲು ಕದಿಯುವುದು ಬೆರಗನ್ನೇ.

ಎಲ್ಲ ಸುಳ್ಳುಗಳೂ ಇಷ್ಟಕ್ಕೇ ನಿಲ್ಲುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ಬೆಳಗ್ಗೆ ಕಾಸರಗೋಡಿನ ಕಡೆಯಲ್ಲಿ ವಿದ್ಯಾರ್ಥಿಗಳು ಸುರಕ್ಷಿತ ಕನ್ನಡಕ ಧರಿಸಿ ಸೂರ್ಯನ ಬೆಂಕಿಯುಂಗುರವನ್ನು ನೋಡಿದರು. ಅದೇ ಬೆಳಗ್ಗೆ ಕಲಬುರಗಿ ಜಿಲ್ಲೆಯಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು, ಗ್ರಹಣಕಾಲದಲ್ಲಿ ಹೀಗೆ ಮಾಡಿದರೆ ಗುಣವಾಗುತ್ತದೆಂಬ ನಂಬಿಕೆಯಿಂದ, ಕತ್ತಿನವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಆ ತಂದೆತಾಯಂದಿರನ್ನು ಕ್ರೂರಿಗಳೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಗು ಎದ್ದು ನಡೆಯಲಿ ಎಂಬ ಹಂಬಲವೇ ಅವರನ್ನು ಹಾಗೆ ಮಾಡಿಸಿರಬೇಕು. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಅವರಿಗೆ ಯಾರೂ ತಲಪಿಸದೆ ಹೋದದ್ದು ಸತ್ಯ. ಚಂದ್ರನು ಸೂರ್ಯನಿಗೂ ಭೂಮಿಗೂ ನಡುವೆ ಬಂದಾಗ ನೆರಳು ಬೀಳುತ್ತದೆ, ಆ ನೆರಳಿಗೆ ಕೊಲ್ಲುವ ಶಕ್ತಿಯೂ ಇಲ್ಲ, ಗುಣಪಡಿಸುವ ಶಕ್ತಿಯೂ ಇಲ್ಲ ಎಂಬಷ್ಟು ತಿಳಿವಳಿಕೆ ಆ ಮನೆಗಳನ್ನು ಮುಟ್ಟಿದ್ದರೆ ಸಾಕಾಗಿತ್ತು. ತಿಳಿದವರು ಮೌನವಾಗಿರುವುದೂ ಸುಳ್ಳಿಗೆ ಒತ್ತಾಸೆಯೇ ಆಗುತ್ತದೆ.

ವಿಶ್ವಾಸದ ಹೆಸರಿನಲ್ಲಿ ಹೇಳುವ ಸುಳ್ಳು

ಇದು ಇತರರ ಮೂಢನಂಬಿಕೆಯ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಾಸಾ ಸಂಸ್ಥೆಯ ಗಣಕಯಂತ್ರಗಳು ಕಾಲವನ್ನು ಹಿಂದಕ್ಕೆ ಎಣಿಸುವಾಗ ಒಂದು ದಿನ ಕಾಣೆಯಾಗಿರುವುದನ್ನು ಕಂಡುಹಿಡಿದವು, ಅದೇ ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ದಿನ, ಆದ್ದರಿಂದ ವಿಜ್ಞಾನವು ಶ್ರೀಗ್ರಂಥವನ್ನು ದೃಢಪಡಿಸಿದೆ ಎಂಬ ಕಥೆಯನ್ನು ನೀವೂ ಕೇಳಿರಬಹುದು. ಅನೇಕ ದಶಕಗಳಿಂದ ಕ್ರೈಸ್ತರ ನಡುವೆ ಭಕ್ತಿಯಿಂದಲೇ ಸಂಚರಿಸುತ್ತಿರುವ ಕಥೆಯಿದು. ನಾಸಾ ಇದನ್ನು ನಿರಾಕರಿಸಿದೆ. ಅಂತಹ ಲೆಕ್ಕವೂ ಸಾಧ್ಯವಿಲ್ಲ. ಕಳೆದುಹೋದ ದಿನವನ್ನು ಗುರುತಿಸಬೇಕಾದರೆ, ಆ ದಿನಕ್ಕೆ ಮೊದಲು ಗ್ರಹಗಳು ಎಲ್ಲಿದ್ದವೆಂಬುದಕ್ಕೆ ಬೇರೊಂದು ದಾಖಲೆ ಬೇಕು. ಗಣಕಯಂತ್ರವು ಇಂದಿನ ಸ್ಥಾನದಿಂದಲೇ ಹಿಂದಕ್ಕೆ ಎಣಿಸುವುದರಿಂದ ಅಲ್ಲಿ ಯಾವ ದಿನವೂ ಕಾಣೆಯಾಗದು.

ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಈ ಕಥೆಯಿಂದ ನಷ್ಟವೇನು? ಇದನ್ನು ಧರ್ಮೋಪದೇಶದ ತರಗತಿಯಲ್ಲಿ ಕೇಳಿದ ವಿದ್ಯಾರ್ಥಿನಿ ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಾಳೆ. ಕಥೆ ಸುಳ್ಳೆಂದು ಅರಿಯುತ್ತಾಳೆ. ಇದನ್ನು ಹೇಳಿದವರೇ ಪುನರುತ್ಥಾನದ ಕುರಿತೂ ಹೇಳಿದವರು ಎಂಬುದು ಆಗ ಅವಳ ನೆನಪಿಗೆ ಬಾರದಿರುತ್ತದೆಯೇ? ಸಾವಿರದ ಆರುನೂರು ವರ್ಷಗಳಿಗೂ ಹಿಂದೆ ಸಂತ ಅಗಸ್ಟಿನ್ನರು ಆದಿಕಾಂಡದ ಕುರಿತ ತಮ್ಮ ವ್ಯಾಖ್ಯಾನದಲ್ಲಿ ಕ್ರೈಸ್ತರನ್ನು ಎಚ್ಚರಿಸಿದ್ದು ಇದರ ಬಗ್ಗೆಯೇ. ಭೂಮಿ, ಆಕಾಶ, ನಕ್ಷತ್ರಗಳ ವಿಷಯದಲ್ಲಿ ಶ್ರೀಗ್ರಂಥದ ಹೆಸರು ಹೇಳಿ ಅಸಂಬದ್ಧ ಮಾತನಾಡಿದರೆ, ತಿಳಿದವರು ನಗುತ್ತಾರೆ. ಬಳಿಕ ನಿತ್ಯಜೀವದ ಕುರಿತು ನಾವು ಹೇಳುವುದನ್ನೂ ನಂಬುವುದಿಲ್ಲ ಎಂಬುದು ಅವರ ಕಳಕಳಿ. ಈ ಎಚ್ಚರಿಕೆಯನ್ನು ಮರೆತದ್ದರ ಬೆಲೆಯನ್ನು ಧರ್ಮಸಭೆ ತೆತ್ತಿದೆ. ಗೆಲಿಲಿಯೋಗೆ 1633ರಲ್ಲಿ ವಿಧಿಸಿದ ಶಿಕ್ಷೆಯ ಹಿಂದಿದ್ದ ತಪ್ಪನ್ನು 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಬಹಿರಂಗವಾಗಿ ಒಪ್ಪಿಕೊಂಡರು.

ಇದಕ್ಕೆ ಪ್ರತಿಯಾಗಿ ಬೆಲ್ಜಿಯಂ ದೇಶದ ಗುರು ಜಾರ್ಜ್ ಲೆಮೈತ್ರರ ನಡೆಯನ್ನು ಗಮನಿಸಿರಿ. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲೂ, ಅದು ಒಂದು ಆದಿಮ ಕಣದಿಂದ ಆರಂಭಗೊಂಡಿರಬೇಕೆಂದು 1931ರಲ್ಲೂ ಪ್ರತಿಪಾದಿಸಿದವರು ಅವರು. 1951ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ತಮ್ಮ ಭಾಷಣವೊಂದರಲ್ಲಿ ಈ ಬಗೆಯ ವಿಜ್ಞಾನವನ್ನು ದೇವರ ಸೃಷ್ಟಿಕಾರ್ಯಕ್ಕೆ ಸಾಕ್ಷಿಯೆಂಬಂತೆ ಎತ್ತಿ ಹೇಳಿದಾಗ, ಲೆಮೈತ್ರರು ಹಿಗ್ಗಲಿಲ್ಲ, ಅಸಮಾಧಾನಗೊಂಡರು. ತಮ್ಮ ಸಿದ್ಧಾಂತವು ಇನ್ನೂ ಪರೀಕ್ಷೆಗೆ ಒಳಪಡಬೇಕಾದದ್ದು, ಅದು ನಾಳೆ ಬಿದ್ದುಹೋದರೂ ವಿಶ್ವಾಸಕ್ಕೆ ಧಕ್ಕೆಯಾಗಬಾರದು ಎಂಬುದು ಅವರ ನಿಲುವು. ಅವರ ಸಿದ್ಧಾಂತಕ್ಕೆ ಬಲವಾದ ಆಧಾರ ದೊರೆತದ್ದು 1965ರಲ್ಲಿ, ಬಾಹ್ಯಾಕಾಶದ ಎಲ್ಲೆಡೆಯಿಂದ ಬರುವ ಹಿನ್ನೆಲೆ ವಿಕಿರಣ ಪತ್ತೆಯಾದಾಗ. ತಮಗೆ ಅನುಕೂಲವಾದ ಮಾತನ್ನೂ ಕಾಯಿಸಿ ನೋಡುವ ಈ ಗುಣವನ್ನು ಪ್ರಾಮಾಣಿಕತೆ ಎನ್ನದೆ ಇನ್ನೇನೆನ್ನೋಣ?

ತಿದ್ದಿಕೊಳ್ಳುವ ಧೈರ್ಯ

ಖಗೋಳಶಾಸ್ತ್ರ ನಮ್ಮ ಮಕ್ಕಳಿಗೆ ಕಲಿಸಬಹುದಾದ ದೊಡ್ಡ ಪಾಠವೂ ಇದೇ. 2024ರ ಡಿಸೆಂಬರ್ 27ರಂದು ಚಿಲಿ ದೇಶದ ದೂರದರ್ಶಕವೊಂದು 2024 ವೈಆರ್4 ಎಂಬ ಸಣ್ಣ ಕ್ಷುದ್ರಗ್ರಹವನ್ನು ಪತ್ತೆ ಹಚ್ಚಿತು. ಅದು 2032ರ ಡಿಸೆಂಬರಿನಲ್ಲಿ ಭೂಮಿಗೆ ಅಪ್ಪಳಿಸುವ ಸಂಭವವನ್ನು 2025ರ ಫೆಬ್ರವರಿ 18ರಂದು ನಾಸಾ ಶೇಕಡಾ 3.1 ಎಂದು ಪ್ರಕಟಿಸಿತು. ಸುದ್ದಿವಾಹಿನಿಗಳು ಹುಯಿಲೆಬ್ಬಿಸಿದವು. ಒಂದು ವಾರ ಕಳೆಯುವುದರೊಳಗೆ, ಹೆಚ್ಚಿನ ವೀಕ್ಷಣೆಗಳ ಫಲವಾಗಿ, ಆ ಸಂಭವ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು.

ವಿಜ್ಞಾನಿಗಳು ಗಳಿಗೆಗೊಂದು ಮಾತನಾಡುತ್ತಾರೆಂದು ಆಗ ಕೆಲವರು ಮೂಗು ಮುರಿದರು. ನಡೆದದ್ದು ಬೇರೆ. ಮೊದಮೊದಲು ದೊರೆತ ಕೆಲವೇ ವೀಕ್ಷಣೆಗಳಿಂದ ಅದರ ಹಾದಿಯನ್ನು ಖಚಿತವಾಗಿ ಹೇಳಲಾಗುವುದಿಲ್ಲ. ಸಾಧ್ಯವಾದ ಹಾದಿಗಳೆಲ್ಲ ಅಗಲವಾಗಿ ಹರಡಿಕೊಂಡಿರುತ್ತವೆ. ವೀಕ್ಷಣೆ ಹೆಚ್ಚಿದಂತೆ ಆ ಅಗಲ ಕಿರಿದಾಗುತ್ತದೆ. ಭೂಮಿಯು ಅದರೊಳಗೇ ಉಳಿದಿರುವಷ್ಟು ಕಾಲ ಅಪಾಯದ ಅಂಕಿ ಏರುತ್ತದೆ, ಹೊರಗುಳಿದ ಕೂಡಲೇ ಕುಸಿಯುತ್ತದೆ. ತಮಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದನ್ನು ಅವರು ಪ್ರತಿದಿನ ಅಂಕಿಯಲ್ಲೇ ಲೋಕದ ಮುಂದಿಟ್ಟರು. ಆಡಿದ ಮಾತನ್ನು ತಿದ್ದಿಕೊಳ್ಳುವುದು ಅವಮಾನವೆಂದು ಭಾವಿಸುವ ನಮ್ಮ ಮನೆಗಳಿಗೂ ಸಂಘಸಂಸ್ಥೆಗಳಿಗೂ ಇದೊಂದು ಪಾಪನಿವೇದನೆಯ ಪಾಠದಂತಿದೆ.

ನಾವು ಮಾಡಬಹುದಾದದ್ದು

ಇಷ್ಟನ್ನು ಕಲಿಯಲು ಹಣವಾಗಲಿ ಪೇಟೆಯ ಶಾಲೆಯಾಗಲಿ ಬೇಕಾಗಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಗಳಿಗೆ ಮಕ್ಕಳನ್ನು ಒಮ್ಮೆ ಕರೆದೊಯ್ಯುವುದು ಒಳ್ಳೆಯದೇ. ದೂರದ ಊರಿನವರಿಗೆ ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶವು ಯಾವ ರಾತ್ರಿ ಯಾವ ಗ್ರಹ ಎಲ್ಲಿದೆಯೆಂದು ಗಣಕಯಂತ್ರದ ಪರದೆಯಲ್ಲೇ ತೋರಿಸುತ್ತದೆ. ಕನ್ನಡದಲ್ಲಿ ಜಿ. ಟಿ. ನಾರಾಯಣ ರಾವ್ ಅವರ ಖಗೋಳ ಪುಸ್ತಕಗಳಿವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಿಕವು ತಲೆಮಾರುಗಳ ವಿದ್ಯಾರ್ಥಿಗಳನ್ನು ತಲಪಿದೆ. ಧರ್ಮಕೇಂದ್ರದ ಯುವಜನರು ಸೇರಿ ಒಂದು ಸಾಧಾರಣ ದುರ್ಬೀನು ಕೊಂಡರೂ ಸಾಕು. ಅದನ್ನು ಅಲುಗಾಡದಂತೆ ಹಿಡಿದರೆ, 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಗುರುಗ್ರಹದ ಉಪಗ್ರಹಗಳು ನಿಮ್ಮ ಚರ್ಚಿನ ಅಂಗಳದಿಂದಲೇ ಕಾಣುತ್ತವೆ. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನಿರ್ಭಯವಾಗಿ ನೋಡಬಹುದು. ಸೂರ್ಯನನ್ನು ಮಾತ್ರ ಯೋಗ್ಯವಾದ ಸೋಸುಗಾಜಿಲ್ಲದೆ ಎಂದೂ ನೋಡಬಾರದೆಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿರಿ.

ಇದು ನಮಗೆ ಹೊರಗಿನ ವಿದ್ಯೆಯಲ್ಲ. 1689ರಲ್ಲಿ ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಜಾನ್ ರಿಶೋ ಅವರು ಧೂಮಕೇತುವೊಂದನ್ನು ವೀಕ್ಷಿಸುತ್ತಿದ್ದಾಗ, ಆಲ್ಫಾ ಸೆಂಟಾರಿ ಒಂದಲ್ಲ, ಜೋಡಿ ನಕ್ಷತ್ರವೆಂದು ಕಂಡುಕೊಂಡರು. 2025ರಲ್ಲಿ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿ ನೇಮಕಗೊಂಡವರು ಗೋವಾ ಪ್ರಾಂತ್ಯದ ಯೇಸುಸಭೆಯ ಗುರು ರಿಚರ್ಡ್ ಡಿಸೋಜ. ಯೇಸುಕಂದನನ್ನು ಹುಡುಕಿಕೊಂಡು ಬಂದ ಮೂಡಣದ ಜ್ಞಾನಿಗಳೂ ನಕ್ಷತ್ರ ಕಂಡವರೇ. ಆದರೆ ಅವರು ಕಂಡದ್ದನ್ನೇ ಸಾಕೆಂದುಕೊಳ್ಳದೆ ಜೆರುಸಲೇಮಿಗೆ ಬಂದು, ತಿಳಿದವರನ್ನು ವಿಚಾರಿಸಿ, ಬಳಿಕ ಮುಂದೆ ನಡೆದರು.

ಪ್ರಿಯ ವಾಚಕರೇ, ಸುಳ್ಳು ಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಕಟ್ಟಳೆಯು ನ್ಯಾಯಾಲಯದ ಕಟಕಟೆಗಷ್ಟೇ ಸೀಮಿತವಾದದ್ದಲ್ಲ. ಆಕಾಶ ದೇವರ ಮಹಿಮೆಯನ್ನು ಸಾರುತ್ತದೆಂದು ನಂಬುವ ನಾವು ಆಕಾಶದ ಕುರಿತು ಸುಳ್ಳು ಹೇಳಿದರೆ, ಅದನ್ನು ಉಂಟುಮಾಡಿದವನ ವಿರುದ್ಧವೇ ಸುಳ್ಳು ಸಾಕ್ಷಿ ನುಡಿದಂತಾಗುತ್ತದೆ. ಇನ್ನು ಮುಂದೆ ಗ್ರಹಣದ ಭಯವನ್ನೋ ನಕ್ಷತ್ರದ ಪವಾಡವನ್ನೋ ಹೊತ್ತ ಸಂದೇಶವೊಂದು ನಿಮ್ಮ ಕೈಸೇರಿದಾಗ, ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ ಮನೆಯ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆಯಿರಿ; ಇದು ನಿಜವೇ, ಹೇಗೆ ತಿಳಿಯೋಣ ಎಂದು ಕೇಳಿರಿ. ಇಬ್ಬರೂ ಕೂಡಿ ಹುಡುಕಿರಿ. ಉತ್ತರ ಸಿಗದಿದ್ದರೆ, ನನಗೆ ತಿಳಿಯದು ಎಂದು ಹೇಳಲು ನಾಚದಿರಿ. ಮಗುವಿನ ಎದುರು ಹಿರಿಯರು ಆಡಬಹುದಾದ ಸತ್ಯವಾದ ಮಾತುಗಳಲ್ಲಿ ಅದೂ ಒಂದು.