ಎಲ್ಲಿಯವರು ಸಾರ್?

ಗಂಡಿಪೇಟೆಯ ನೀರು ಕುಡಿದವನು ಮತ್ತೆ ತನ್ನ ಊರಿಗೆ ಹೋಗುವುದಿಲ್ಲ ಅಂತ ಹೈದರಾಬಾದಿನಲ್ಲಿ ಒಂದು ಮಾತಿದೆ. ನಾನು ಬೇಗಂಪೇಟೆಗೆ ಬಂದದ್ದು 1994ರಲ್ಲಿ. ಗಂಡಿಪೇಟೆಯ ನೀರು ಎಷ್ಟು ಕುಡಿದೆನೋ ತಿಳಿಯದು. ನಮ್ಮ ನಲ್ಲಿಗೆ ಬರುವುದು ಮಂಜೀರಾ ನೀರು ಅಂತ ಕಟ್ಟಡದ ವಾಚ್‌ಮನ್ ಹೇಳುತ್ತಿದ್ದ. ಮಂಜೀರಾ ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ನದಿ. ಹಾಗಾಗಿ ಕುಡಿಯುತ್ತಿರುವುದು ಕರ್ನಾಟಕದ ನೀರೇ, ಅಷ್ಟೇನೂ ದೂರ ಬಂದಿಲ್ಲ ಅಂತ ಮೊದಮೊದಲು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡದ್ದುಂಟು. ಊರು ಬಿಟ್ಟವರು ಇಂಥ ಸಣ್ಣ ಸಣ್ಣ ಸುಳ್ಳು ಲೆಕ್ಕಗಳನ್ನು ಇಟ್ಟುಕೊಂಡೇ ಬದುಕುತ್ತಾರೆ. ಅದರಿಂದ ಯಾರಿಗೂ ನಷ್ಟವಿಲ್ಲ. ನಾನೀಗ ಹೇಳಹೊರಟಿರುವುದು ಇನ್ನೊಂದು ಸುಳ್ಳಿನ ಸಂಗತಿ. ಅದರಿಂದ ನಷ್ಟವಾಯಿತೋ ಇಲ್ಲವೋ ಅಂತ ಇನ್ನೂ ಯೋಚಿಸುತ್ತಿದ್ದೇನೆ.

2013ರ ಜನವರಿ. ನಮ್ಮ ಅಪಾರ್ಟ್‌ಮೆಂಟಿನ ಆರು ಸಂಸಾರಗಳು ಸೇರಿ ದಾಂಡೇಲಿಗೆ ಹೋಗುವುದೆಂದು ಗೊತ್ತಾಯಿತು. ಮೂರನೆಯ ಮಹಡಿಯ ರೆಡ್ಡಿಯವರ ಮಗ ಎಲ್ಲೋ ಫೋಟೋ ನೋಡಿ ಎಲ್ಲರ ತಲೆ ಕೆಡಿಸಿದ್ದ. "ಕಾಳಿ ರಿವರ್, ರಾಫ್ಟಿಂಗು, ಅಂಕಲ್, ನಿಮ್ಮ ಸ್ಟೇಟೇ ಅಲ್ವಾ!" ನಮ್ಮ ಸ್ಟೇಟು ಮಾತ್ರವಲ್ಲ, ನನ್ನ ತಾಯಿ ಹುಟ್ಟಿದ ಊರಿನ ನದಿ ಅದು. ನನ್ನ ತಂದೆಯ ಕಡೆಯವರು ಹಳಿಯಾಳದವರು, ತಾಯಿಯದು ಸೂಪಾ. ಕಾಳಿಗೆ ಪಾಂಢರಿ ನದಿ ಬಂದು ಸೇರುವ ಜಾಗದಲ್ಲಿ ಸೂಪಾ ಪೇಟೆ ಇತ್ತು. ಅಜ್ಜನದು ಅಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ಬೇಸಿಗೆ ರಜೆಯೆಂದರೆ ನಮಗೆ ಸೂಪಾ. ಆ ಪೇಟೆ ಈಗ ಅಣೆಕಟ್ಟಿನ ನೀರಿನ ಕೆಳಗಿದೆ. ಎಂಬತ್ತರ ದಶಕದಲ್ಲಿ ನೀರು ನಿಂತಿತು. ಸೂಪಾ ತಾಲ್ಲೂಕಿಗೆ ಜೋಯಿಡಾ ಕೇಂದ್ರವಾಯಿತು. ಎಬ್ಬಿಸಲ್ಪಟ್ಟವರಲ್ಲಿ ಬಹಳ ಜನರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಅಜ್ಜ ಅಲ್ಲಿ ಎರಡು ವರ್ಷ ಇದ್ದು ತೀರಿಕೊಂಡ. ಸೋದರಮಾವ ಗೋವಾಕ್ಕೆ ಹೋದ.

ತಾಯಿ ಆಗ ನಮ್ಮ ಜೊತೆಗೇ ಇದ್ದಳು. "ನೀನೂ ಬಾರಮ್ಮ" ಅಂದೆ. "ನಾ ಒಲ್ಲೆ, ನೀವು ಹೋಗಿ ಬರ್ರಿ" ಅಂದಳು. ಮೊಣಕಾಲು ನೋವು ಅನ್ನುವ ಕಾರಣ ಸಿದ್ಧವಿತ್ತು, ಇಬ್ಬರೂ ಅದನ್ನೇ ಒಪ್ಪಿಕೊಂಡೆವು.

ರಾತ್ರಿಯಿಡೀ ಬಸ್ಸು. ಮಾರನೆಯ ದಿನ ವಿಶ್ರಾಂತಿ, ಅದರ ಮಾರನೆಯ ದಿನ ಪೂರ್ತಿ ಗೈಡ್ ಜೊತೆಗೆ ತಿರುಗಾಟ. ಬೆಳಗಿನ ಆರಕ್ಕೆ ಕಾಡಿನ ಅಂಚಿನಲ್ಲಿ ಹಕ್ಕಿ ನೋಡುವುದು, ಆಮೇಲೆ ಸಿಂಥೇರಿ ಬಂಡೆ, ಊಟ, ಮಧ್ಯಾಹ್ನ ಗಣೇಶಗುಡಿಯಲ್ಲಿ ರಾಫ್ಟಿಂಗು, ಸಂಜೆ ಚಹಾ. ಗೈಡ್ ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ, ತೆಳ್ಳಗೆ, ಚುರುಕು. ಗುಂಪು ಹೈದರಾಬಾದಿನದು ಅಂತ ಮೊದಲೇ ತಿಳಿದಿದ್ದರಿಂದ ಹಿಂದಿಯಲ್ಲೇ ಶುರು ಮಾಡಿದ. ಜೀಪಿನಲ್ಲಿ ಮುಂದೆ ಕೂತಿದ್ದ ನನ್ನನ್ನು ಕೇಳಿದ, "ಆಪ್ ಕಹಾಂ ಸೆ, ಸಾರ್?" ನಾನು ಹೇಳಿದೆ, "ಹೈದರಾಬಾದ್. ಬೇಗಂಪೇಟ್."

ಇಷ್ಟೇ. ಇದು ಸುಳ್ಳಲ್ಲ. ರೇಷನ್ ಕಾರ್ಡಿನಲ್ಲೂ ಹಾಗೇ ಇದೆ. ಆದರೆ ಹಿಂದಿನ ಸೀಟಿನಿಂದ ಮಗ ನನ್ನ ಬೆನ್ನನ್ನೇ ನೋಡುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಅವನಿಗೆ ಹದಿನಾಲ್ಕು ವರ್ಷ, ಸೂಪಾದ ಕತೆ ಅಜ್ಜಿಯಿಂದ ನೂರು ಸಲ ಕೇಳಿದವನು.

ಈ ಕತೆಯನ್ನು ನಾನೇ ಎಷ್ಟು ಸಲ ಹೇಳಿದ್ದೇನೆ ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ಹೋದಾಗ, ಆಫೀಸಿನಲ್ಲಿ ಊಟದ ಹೊತ್ತಿಗೆ, ರೈಲಿನಲ್ಲಿ ಹೊಸಬರ ಪರಿಚಯವಾದಾಗ, "ನಮ್ಮ ತಾಯಿಯ ಊರು ಮುಳುಗಿ ಹೋಯಿತು" ಅಂದರೆ ಸಾಕು, ಮಂದಿ ಒಂದು ಕ್ಷಣ ಸುಮ್ಮನಾಗುತ್ತಾರೆ. ನಿಮ್ಮ ಕಡೆ ಗೌರವದಿಂದ ನೋಡುತ್ತಾರೆ. ದೂರದ ಊರಿನಲ್ಲಿ ಒಬ್ಬ ಸಾಧಾರಣ ಗುಮಾಸ್ತನಿಗೆ ಅದೊಂದು ಒಡವೆ ಇದ್ದ ಹಾಗೆ. ಬೇಕಾದಾಗ ಹಾಕಿಕೊಳ್ಳಬಹುದು. ಆ ದುಃಖ ನನ್ನದೇ? ರಜೆಗೆ ಹೋಗಿ ಮಾವಿನಕಾಯಿ ತಿಂದು ಬರುತ್ತಿದ್ದವನು ನಾನು. ಅಂಗಡಿಯ ಹಲಗೆ ಬಿಚ್ಚಿ ಲಾರಿಗೆ ಏರಿಸಿದವನು ಅಜ್ಜ. ನಾನು ಊರು ಬಿಟ್ಟದ್ದು ಸಂಬಳಕ್ಕೆ, ನನ್ನ ಖುಷಿಯಿಂದ. ಅಜ್ಜನನ್ನು ಊರು ಬಿಡಿಸಿದರು. ಈ ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿ "ನಾವು ಊರು ಕಳಕೊಂಡವರು" ಅಂತ ಹೇಳಿಕೊಳ್ಳುವ ಚಾಳಿ ಹೊರನಾಡಿನ ನಮಗೆಲ್ಲ ಇದೆ. ನನಗಂತೂ ಇತ್ತು.

ಅಂಥವನು, ಊರಿನಿಂದ ಏಳುನೂರು ಗಜ ದೂರದಲ್ಲಿ ಹೇಳಬೇಕಾದವನು ಅಂತಲ್ಲ, ಅದೇ ನದಿಯ ದಂಡೆಯಲ್ಲಿ ಕೇಳಿದಾಗ ಬೇಗಂಪೇಟ್ ಅಂದೆ.

ಬೆಳಗಿನ ಹೊತ್ತು ಚೆನ್ನಾಗಿ ಕಳೆಯಿತು. ಮಂಗಟ್ಟೆ ಹಕ್ಕಿಗಳು ಎರಡು ಜೋಡಿ ಕಂಡವು. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಕೊಕ್ಕಿನಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ, ಗಂಡು ಹೊರಗಿನಿಂದ ಹಣ್ಣು ತಂದು ಉಣಿಸುತ್ತದೆ ಅಂತ ಹುಡುಗ ವಿವರಿಸಿದಾಗ ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ನೋಡಿ ನಕ್ಕರು. ಸಿಂಥೇರಿಯಲ್ಲಿ ಮುನ್ನೂರು ಅಡಿಯ ಒಂದೇ ಬಂಡೆ, ಅದಕ್ಕೆ ಜೋತುಬಿದ್ದ ಜೇನುಗೂಡುಗಳು, ಕೆಳಗೆ ಕಾನೇರಿ ಹೊಳೆ. ಎಲ್ಲರೂ ಫೋಟೋ ತೆಗೆಸಿಕೊಂಡೆವು.

ಗಣೇಶಗುಡಿಯಲ್ಲಿ ಲೈಫ್ ಜಾಕೆಟ್ಟು, ಹೆಲ್ಮೆಟ್ಟು ಕೊಟ್ಟರು. ಕೈಗೊಂದು ಹುಟ್ಟು. ಹುಡುಗ ದೋಣಿಯ ಹಿಂಬದಿಗೆ ಕೂತ. ಹೊರಡುವ ಮುಂಚೆ ಅವನು ಮೇಲಿನ ಕಡೆ ಕೈ ತೋರಿಸಿ ನೀರಿನ ವಿಷಯ ಹೇಳಿದ. ಮೇಲೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಅದರ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರಗಳು. ಯಂತ್ರ ಓಡಿದರೆ ಕೆಳಗೆ ನೀರು ಬರುತ್ತದೆ, ದೋಣಿ ಓಡುತ್ತದೆ. ಯಂತ್ರ ನಿಂತರೆ ಬಂಡೆ ಕಾಣುತ್ತದೆ, ನಮ್ಮ ಧಂದೆಯೂ ನಿಲ್ಲುತ್ತದೆ. ಈ ನೀರು ಮುಂದೆ ಬೊಮ್ಮನಹಳ್ಳಿಗೆ, ಅಲ್ಲಿಂದ ಸುರಂಗದಲ್ಲಿ ನಾಗಝರಿಗೆ, ಆಮೇಲೆ ಕೊಡಸಳ್ಳಿ, ಕದ್ರಾ. ನಾಲ್ಕು ಕಡೆ ಕರೆಂಟು ಮಾಡಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಇಷ್ಟು ಹೇಳಿದ. ಅಣೆಕಟ್ಟಿನ ಹಿಂದೆ ಏನಿತ್ತು ಅನ್ನುವುದನ್ನು ಹೇಳಲಿಲ್ಲ.

ದೋಣಿ ಮೊದಲ ಇಳಿಜಾರಿಗೆ ಬಿದ್ದಾಗ ನಾನು ಕಿರುಚಿದೆ. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ. ನೀರು ಮುಖಕ್ಕೆ ರಪ್ಪಂತ ಬಡಿಯಿತು. ರೆಡ್ಡಿಯವರು ದೇವರನ್ನು ಕರೆಯುತ್ತಿದ್ದರು. ಮಗ ಮುಂದೆ ಕೂತು ನಗುತ್ತಿದ್ದ. ಆ ಹೊತ್ತಿನಲ್ಲಿ ಅಜ್ಜನೂ ನೆನಪಾಗಲಿಲ್ಲ, ಅಂಗಡಿಯೂ ನೆನಪಾಗಲಿಲ್ಲ. ನೆನಪಾದದ್ದು ನೀರು ಸಮವಾಗಿ, ದೋಣಿ ನಿಧಾನಕ್ಕೆ ತೇಲತೊಡಗಿದಾಗ. ಈ ನೀರು ಮನೆಯ ಮೇಲಿಂದ ಬಂದದ್ದಲ್ಲವೇ, ಅಂಗಳದ ಮೇಲಿಂದ, ಅಂಗಡಿಯ ಕಟ್ಟೆಯ ಮೇಲಿಂದ. ಊರು ಮುಳುಗದಿದ್ದರೆ ಜನವರಿ ತಿಂಗಳಲ್ಲಿ ಈ ನದಿಯಲ್ಲಿ ಇಷ್ಟು ನೀರಾದರೂ ಎಲ್ಲಿಂದ ಬರಬೇಕು? ನನ್ನ ಕಿರುಚಾಟದ ಖರ್ಚನ್ನು ಅಜ್ಜ ಕೊಟ್ಟಿದ್ದ.

ಹಾಗಾದರೆ ಸಂತೋಷಪಟ್ಟದ್ದು ತಪ್ಪೇ? ಇದನ್ನು ಆ ದೋಣಿಯಲ್ಲೂ ಆಮೇಲೆ ಎಷ್ಟೋ ರಾತ್ರಿಯೂ ಯೋಚಿಸಿದ್ದೇನೆ. ತಪ್ಪು ಅನ್ನುವುದು ಸುಲಭ, ಆದರೆ ಆ ದಾರಿಯಲ್ಲಿ ಹೊರಟರೆ ನಿಲ್ಲುವ ಜಾಗ ಸಿಗುವುದಿಲ್ಲ. ಹೈದರಾಬಾದನ್ನೇ ತೆಗೆದುಕೊಳ್ಳಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಊರಿನ ಮೇಲ್ಗಡೆ ಜಲಾಶಯ ಕಟ್ಟಿ ಪ್ರವಾಹ ತಡೆಯಿರಿ ಅಂತ ಅವರ ಸಲಹೆ. 1920ರಲ್ಲಿ ಉಸ್ಮಾನ್ ಸಾಗರ, ಅಂದರೆ ನಮ್ಮ ಗಂಡಿಪೇಟೆ, 1927ರಲ್ಲಿ ಹಿಮಾಯತ್ ಸಾಗರ. ಸೆಪ್ಟೆಂಬರ್ 15 ಬಂದರೆ ಇಲ್ಲಿನ ಕನ್ನಡಿಗರು ಎದೆಯುಬ್ಬಿಸಿ ಹೇಳುವ ಮಾತು, "ಮೂಸಿಯನ್ನು ಪಳಗಿಸಿದವರು ನಮ್ಮವರು." ನಾನೂ ಹೇಳಿದ್ದೇನೆ. ಗಂಡಿಪೇಟೆಯ ತಳದಲ್ಲೂ ಯಾರದೋ ಹೊಲ, ಯಾರದೋ ಬಾವಿ ಇದ್ದಿರಲೇಬೇಕು. ನಗರಕ್ಕೆ ಈಗ ಕೃಷ್ಣೆಯ ನೀರೂ ಬರುತ್ತದೆ, ನಾಗಾರ್ಜುನಸಾಗರದಿಂದ. ಅಲ್ಲಿ ಮುಳುಗಲಿದ್ದ ಬೌದ್ಧ ಅವಶೇಷಗಳನ್ನು ಕಲ್ಲು ಕಲ್ಲಾಗಿ ಎತ್ತಿ ಗುಡ್ಡದ ಮೇಲೆ ತಂದಿಟ್ಟರು, ಈಗ ಅದು ದ್ವೀಪ, ನಾವೆಲ್ಲ ಲಾಂಚಿನಲ್ಲಿ ಹೋಗಿ ನೋಡಿ ಬಂದಿದ್ದೇವೆ. ಒಂದು ಅಣೆಕಟ್ಟಿಗೆ ಹೆಮ್ಮೆ, ಇನ್ನೊಂದಕ್ಕೆ ಕಣ್ಣೀರು, ಎರಡೂ ಒಂದೇ ಬಾಯಿಂದ. ನೀರು ಕುಡಿಯುವುದೇ ತಪ್ಪು ಅಂತ ಹೇಳುವ ಹಾಗಿಲ್ಲವಲ್ಲ.

2000ದ ಆಗಸ್ಟಿನ ಮಳೆಯಲ್ಲಿ ಬೇಗಂಪೇಟೆಯ ನಾಲೆ ಉಕ್ಕಿ ನೀರು ನಮ್ಮ ಬೀದಿಗೂ ನುಗ್ಗಿತ್ತು. ಆಗ ನಾವು ನೆಲಮಹಡಿಯಲ್ಲಿದ್ದೆವು. ಎರಡು ದಿನ ಮೇಲಿನವರ ಮನೆಯಲ್ಲಿ ಮಲಗಿದೆವು, ಅವರು ಇಡ್ಲಿ ಕೊಟ್ಟರು. ನೀರು ಇಳಿಯಿತು, ಕೆಸರು ತೊಳೆದೆವು, ಮನೆ ಅಲ್ಲೇ ಇತ್ತು. ತಾಯಿಗೆ ಫೋನಿನಲ್ಲಿ ಇದನ್ನೆಲ್ಲ ವರ್ಣಿಸಿ ಹೇಳಿದಾಗ "ಇಳೀತಲ್ಲ, ಸಾಕು" ಅಂದಳು. ಆಗ ಅದು ಒರಟು ಮಾತು ಅನ್ನಿಸಿತ್ತು.

ಸಂತೋಷದಲ್ಲಿ ತಪ್ಪಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆ ಹುಡುಗನ ಹೊಟ್ಟೆಪಾಡು ನಮ್ಮ ಸಂತೋಷದಿಂದ ನಡೆಯುವುದು. ನಾನು ದಂಡೆಯಲ್ಲಿ ಮುಖ ಸಪ್ಪಗೆ ಮಾಡಿ ಕೂತಿದ್ದರೆ ಸೂಪಾ ಮೇಲೆ ಏಳುತ್ತಿರಲಿಲ್ಲ. ತಪ್ಪು ಇರುವುದಾದರೆ ಅದು ಬೇರೆ ಕಡೆ ಇದೆ.

ದೋಣಿಯಿಂದ ಇಳಿದು ಬಟ್ಟೆ ಬದಲಿಸುವಾಗ ಹೆಂಡತಿಗೆ "ಟವೆಲ್ ಎಲ್ಲಿಟ್ಟಿ?" ಅಂದೆ. ಹುಡುಗ ತಿರುಗಿ ನೋಡಿದ.

"ಸಾರ್ ಕನ್ನಡದವರಾ? ಬೆಳಿಗ್ಗೆಯಿಂದ ಹೇಳಲೇ ಇಲ್ಲ!"

"ಹೌದಪ್ಪ. ಹಳಿಯಾಳದ ಕಡೆಯವರು" ಅಂದೆ.

"ಹಂಗಾರೆ ನಮ್ಮವರೇ ಆದ್ರಿ. ನಮ್ದು ರಾಮನಗರ. ಅಜ್ಜಂದು ಸೂಪಾ ಪೇಟೆ ಸಾರ್, ಡ್ಯಾಮಿನೊಳಗೆ ಹೋತು."

ನಾನು ಏನು ಹೇಳಬೇಕಿತ್ತು ಅಂತ ನಿಮಗೂ ಗೊತ್ತು. ಬಾಯಿಗೆ ಬಂತು ಕೂಡ. ಬದಲಿಗೆ ಕೇಳಿದೆ, "ಬಂದವರಿಗೆ ಇದನ್ನ ಯಾಕೆ ಹೇಳೋದಿಲ್ಲ ನೀನು?"

ಅವನು ಹೆಲ್ಮೆಟ್ಟುಗಳನ್ನು ಒಂದರೊಳಗೊಂದು ಜೋಡಿಸುತ್ತಾ ಅಂದ, "ಮೊದಲು ಹೇಳ್ತಿದ್ದೆ ಸಾರ್. ಹೇಳಿದ್ರೆ ಮಂದಿ ಸುಮ್ನಾಗ್ತಾರೆ. ಮತ್ತೆ ದೋಣೀಲಿ ಮಜಾ ಬರೂದಿಲ್ಲ ಅವರಿಗೆ."

ನಾನು ಬೇಗಂಪೇಟೆಯಲ್ಲಿ ಯಾವುದಕ್ಕಾಗಿ ಆ ಕತೆ ಹೇಳುತ್ತಿದ್ದೆನೋ, ಅದೇ ಕಾರಣಕ್ಕೆ ಅವನು ಹೇಳುವುದನ್ನು ಬಿಟ್ಟಿದ್ದ. ಮಂದಿ ಸುಮ್ಮನಾಗುತ್ತಾರೆ.

ನನ್ನ ಜೇಬಿನಲ್ಲಿ ಇನ್ನೂರು ರೂಪಾಯಿ ಮಡಚಿ ಇಟ್ಟಿದ್ದೆ, ಅವನಿಗೆ ಕೊಡಲಿಕ್ಕೆ. ಯೋಚಿಸಿದರೆ ಅದೇ ನನ್ನ ಬಾಯಿ ಕಟ್ಟಿದ್ದು. ನನ್ನ ತಾಯಿಯೂ ಸೂಪಾ ಪೇಟೆಯವಳು ಅಂದುಬಿಟ್ಟರೆ ಅವನು ಯಾರ ಮನೆ ಅಂತ ಕೇಳುತ್ತಾನೆ. ಅಂಗಡಿಯ ಹೆಸರು ಹೇಳಿದರೆ ಅವನ ಅಜ್ಜ ಅಲ್ಲಿ ಉದ್ರಿ ತಂದವನೇ ಆಗಿರಬಹುದು, ಅಥವಾ ನಮ್ಮ ಅಜ್ಜ ಅವರ ಗದ್ದೆಯ ಅಕ್ಕಿ ಉಂಡವನೇ ಆಗಿರಬಹುದು. ಆಮೇಲೆ ಅವನು ಗೈಡಲ್ಲ, ನಾನು ಸಾರ್ ಅಲ್ಲ. ಮನೆಗೆ ಬನ್ನಿ ಅಂತಾನೆ, ಹೋಗಬೇಕು. ಇನ್ನೂರು ರೂಪಾಯಿ ಕೊಡುವ ಹಾಗಿಲ್ಲ, ಕೊಟ್ಟರೆ ಅವಮಾನ. ಕೊಡದೆ ಬೇರೆ ಏನೋ ಕೊಡಬೇಕು, ಫೋನ್ ನಂಬರು, ಹೈದರಾಬಾದಿನಲ್ಲಿ ಒಂದು ಕೆಲಸ ಇದ್ದರೆ ನೋಡು ಅನ್ನುವ ಮಾತಿಗೆ ಒಂದು ಉತ್ತರ, ಮದುವೆಗೆ ಬರುವ ಮಾತು. ದುಃಖದಲ್ಲಿ ಪಾಲು ಕೇಳಿದವನು ಇದರಲ್ಲೂ ಪಾಲು ತೆಗೆದುಕೊಳ್ಳಬೇಕಾಗುತ್ತದೆ. ಹೊರಗೆ ಹತ್ತು ಸಂಸಾರದವರು ಬಸ್ಸಿಗೆ ಕಾಯುತ್ತಿದ್ದರು. ಇಲ್ಲ, ಹತ್ತಲ್ಲ, ಐದೇ. ನೆಪ ಹೇಳುವಾಗಲೂ ಲೆಕ್ಕ ಹೆಚ್ಚಾಗುತ್ತದೆ ನೋಡಿ.

ನೋಟು ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, "ಮತ್ತೆ ಬರ್ರಿ ಸಾರ್, ಊರ ಕಡೆ" ಅಂದ. ಅವನ ಹೆಸರನ್ನೂ ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಮಗ ಪಕ್ಕಕ್ಕೆ ಬಂದು ಕೂತ. "ಅಪ್ಪ, ನೀನ್ಯಾಕೆ ಹೇಳಲಿಲ್ಲ?" ಅಂದ. "ಟೈಮ್ ಇರಲಿಲ್ಲ" ಅಂದೆ. ಅವನು ಒಪ್ಪಿಕೊಂಡವನ ಹಾಗೆ ಕಿವಿಗೆ ಹಾಡು ಹಾಕಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಮನೆ ಮುಟ್ಟಿದೆವು. ಬೇಗಂಪೇಟೆಯ ವಿಮಾನ ನಿಲ್ದಾಣ 2008ರಲ್ಲಿ ಶಂಷಾಬಾದಿಗೆ ಹೋದ ಮೇಲೆ ನಮ್ಮ ಬೆಳಗುಗಳು ನಿಶ್ಶಬ್ದವಾಗಿವೆ, ಮನೆಯೊಳಗೆ ಆಡಿದ್ದು ಎಲ್ಲ ಕೋಣೆಗೂ ಕೇಳುತ್ತದೆ. ಅಡಿಗೆಮನೆಯಲ್ಲಿ ಮಗ ಅಜ್ಜಿಗೆ ಎಲ್ಲ ಹೇಳುತ್ತಿದ್ದ. ದೋಣಿ, ಹಕ್ಕಿ, ರೆಡ್ಡಿ ಅಂಕಲ್ ಕೂಗಿದ್ದು. ಆಮೇಲೆ, "ಅಜ್ಜಿ, ಆ ಗೈಡಿನ ತಾತ ನಿಮ್ಮ ಸೂಪಾದವರಂತೆ."

ಸೌಟಿನ ಸದ್ದು ನಿಂತಿತು. ತಾಯಿ ಹೊರಗೆ ಬಂದಳು, ಕೈ ಒರೆಸಿಕೊಳ್ಳುತ್ತಾ.

"ಯಾರ ಪೈಕಿ ಅಂವಾ?"

"ಗೊತ್ತಿಲ್ಲಮ್ಮ" ಅಂದೆ.

"ಕೇಳಲಿಲ್ಲೇನು?"

"ಇಲ್ಲ."

"ಹೊಳೀ ಕಡೆ ಮನೀಯವರೋ, ಬಸ್ಸು ನಿಲ್ಲೂ ಕಡೆಯವರೋ? ಅಷ್ಟಾದ್ರೂ ಹೇಳಿದ್ನೇನು?"

ನಾನು ಚೀಲದೊಳಗಿನ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮಗನ ಕಡೆ ತಿರುಗಿ, "ನೋಡಲಿಕ್ಕೆ ಹೆಂಗಿದ್ದ? ಎತ್ತರಿದ್ದನೋ?" ಅಂತ ಕೇಳಿದಳು.