ಮುಟ್ಟಿದ್ದಕ್ಕೊಂದು ಚುಕ್ಕಿ

ರಾತ್ರಿ ಎರಡಕ್ಕೆ ಸರ್ವರಿನ ಬ್ಯಾಕಪ್ ಶುರುವಾಗುತ್ತದೆ. ಡಿಸ್ಕು 1 ಟೆರಾಬೈಟಿನದು. ಮೊದಲ ದಿನ ಅಷ್ಟನ್ನೂ ಓದಿ ನಕಲು ಮಾಡಲು ಗಂಟೆಗಟ್ಟಲೆ ಹಿಡಿದಿತ್ತು. ಮಾರನೆಯ ರಾತ್ರಿಯಿಂದ ಬದಲಾದದ್ದಷ್ಟೇ ನಕಲಾಗುತ್ತದೆ, ಕೆಲವೇ ನಿಮಿಷ. ಎಷ್ಟು ವರ್ಷ ಈ ಕೆಲಸ ಮಾಡಿದರೂ ಆ ಕೆಲವು ನಿಮಿಷ ನನಗಿನ್ನೂ ಮಾಮೂಲಾಗಿಲ್ಲ. ಬದಲಾದದ್ದನ್ನಷ್ಟೇ ಒಯ್ಯಬೇಕಾದರೆ ಯಾವುದು ಬದಲಾಗಿದೆ ಎಂದು ಗೊತ್ತಿರಬೇಕು. ಅದು ಗೊತ್ತಾಗಲು ಹಳತರ ಪಕ್ಕ ಹೊಸತನ್ನಿಟ್ಟು ನೋಡಬೇಕು. ನೋಡಲು ಡಿಸ್ಕನ್ನೆಲ್ಲ ಓದಲೇಬೇಕು. ಹಾಗಾದರೆ ಉಳಿತಾಯವೆಲ್ಲಿ ಬಂತು?

ಬರೆಯುವ ಕ್ಷಣದಲ್ಲೇ ಗುರುತು ಹಾಕಿಟ್ಟರೆ ಆಮೇಲೆ ಹುಡುಕುವ ಪ್ರಮೇಯವೇ ಇಲ್ಲ. ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶ ಮಾಡುವ ವಿಎಂವೇರ್ ಕಂಪನಿ 2009ರಲ್ಲಿ ಇದನ್ನು ತನ್ನ ವಿಸ್ಫಿಯರ್ 4ರಲ್ಲಿ ತಂದಿತು. ನಾನು ಬಳಸುವ, ಅದೇ ಬಗೆಯ ತಂತ್ರಾಂಶವಾದ ಕ್ಯೂಎಮುವಿನಲ್ಲಿ ಇಂಥ ಬ್ಯಾಕಪ್ 2015ರಲ್ಲಿ ಬಂತು. ಅದು ಸಾಮಾನ್ಯವಾಗಿ ಡಿಸ್ಕನ್ನು 64 ಕಿಲೋಬೈಟಿನ ತುಂಡುಗಳಾಗಿ ಎಣಿಸುತ್ತದೆ. 1 ಟೆರಾಬೈಟಿಗೆ 1,67,77,216 ತುಂಡು. ತುಂಡಿಗೊಂದು ಬಿಟ್, ಅಂದರೆ ಒಂದು ಚುಕ್ಕಿ. ಆ ತುಂಡಿನಲ್ಲಿ ಏನಾದರೂ ಬರೆದರೆ ಚುಕ್ಕಿ 0ಯಿಂದ 1 ಆಗುತ್ತದೆ, ಅಷ್ಟೇ. ಒಂದೂ ಮುಕ್ಕಾಲು ಕೋಟಿಯ ಹತ್ತಿರ ಬರುವ ಈ ಚುಕ್ಕಿಗಳೆಲ್ಲ ಸೇರಿದರೂ 2 ಮೆಗಾಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ದೊಡ್ಡದಿರಬಹುದು.

ಚುಕ್ಕಿಗೆ ಗೊತ್ತಿರುವುದು ಎಷ್ಟು ಕಡಿಮೆ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಏನು ಬರೆದರು, ಯಾರು ಬರೆದರು, ಎಷ್ಟು ಸಲ ಬರೆದರು, ಯಾವುದೂ ಅದಕ್ಕೆ ಗೊತ್ತಿಲ್ಲ. ಇದ್ದ ಅಕ್ಷರವನ್ನೇ ಮತ್ತೆ ಬರೆದರೂ ಅದು 1. ಇಂಥ ತುಂಡನ್ನು ಇಂಗ್ಲಿಷಿನವರು ‘ಡರ್ಟಿ’ ಎನ್ನುತ್ತಾರೆ. ನನಗೆ ಅಜ್ಜಿಯ ಮಡಿಬಟ್ಟೆ ನೆನಪಾಗುತ್ತದೆ. ಕಲೆಯಾಗಬೇಕೆಂದೇನಿರಲಿಲ್ಲ, ಬೆರಳು ತಗುಲಿದರೆ ಸಾಕು, ಮೈಲಿಗೆ. ಮನುಷ್ಯರ ಮೇಲೆ ಹೇರಿದಾಗ ಆ ಮಾತು ಮಾಡಿದ ಗಾಯ ಇನ್ನೂ ಮಾಗಿಲ್ಲ. ಇಲ್ಲಿ ಮಾತ್ರ ಅದರ ಅರ್ಥ ತಿರುವುಮುರುವು: ಮುಟ್ಟಿದ್ದನ್ನು ಯಾರೂ ದೂರವಿಡುವುದಿಲ್ಲ, ಅದನ್ನೇ ಮೊದಲು ಎತ್ತಿಕೊಂಡು ಕಾಪಾಡುತ್ತಾರೆ.

ಬ್ಯಾಕಪ್ ನಡೆಯುವಾಗ ಸರ್ವರ್ ನಿಂತಿರುವುದಿಲ್ಲ. ಆ ಹೊತ್ತಿನಲ್ಲೂ ಯಾರೋ ಬರೆಯುತ್ತಲೇ ಇರುತ್ತಾರೆ. ಆದ್ದರಿಂದ ಕ್ಯೂಎಮು ಈ ಚುಕ್ಕಿಗಳ ಹಳೆಯ ಪಟವನ್ನು ಅಲ್ಲಿಗೇ ಸ್ತಬ್ಧವಾಗಿಸಿ, ಪಕ್ಕದಲ್ಲಿ ಖಾಲಿ ಪಟವೊಂದನ್ನು ಹಾಸುತ್ತದೆ. ಈಗಿನ ಬರಹದ ಗುರುತುಗಳೆಲ್ಲ ಹೊಸದರ ಮೇಲೆ. ಇನ್ನೂ ನಕಲಾಗದ ತುಂಡಿನ ಮೇಲೆ ಯಾರಾದರೂ ಬರೆಯಲು ಬಂದರೆ, ಅದರಲ್ಲಿದ್ದ ಹಳೆಯದನ್ನು ಮೊದಲು ಬ್ಯಾಕಪ್ಪಿಗೆ ದಾಟಿಸಿ, ಆಮೇಲೆ ಬರೆಯಲು ಬಿಡುತ್ತದೆ. ಓಡುತ್ತಿರುವ ಕಾಲದಿಂದ ಒಂದು ಕ್ಷಣವನ್ನು, ಓಟ ನಿಲ್ಲಿಸದೆ, ಹೀಗೆ ಎತ್ತಿಟ್ಟುಕೊಳ್ಳಬಹುದು ಎಂದು ತಿಳಿದ ದಿನ ನಾನು ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ. ಕೆಲಸ ಸರಿಯಾಗಿ ಮುಗಿದರೆ ಹಳೆಯ ಪಟ ಹೋಗಿ ಹೊಸದು ಅದರ ಜಾಗಕ್ಕೆ ಬರುತ್ತದೆ. ನಡುವೆ ಕೆಟ್ಟರೆ ಎರಡನ್ನೂ ಒಂದರ ಮೇಲೊಂದಿಟ್ಟು ಕೂಡಿಸುತ್ತದೆ. ಯಾವ ಚುಕ್ಕಿಯೂ ಕಳೆಯುವುದಿಲ್ಲ. ಬದಲಾಗದ್ದಕ್ಕೆ ಚುಕ್ಕಿ ಬಿದ್ದರೆ ತುಸು ದುಡಿಮೆ ವ್ಯರ್ಥ. ಬದಲಾದದ್ದಕ್ಕೆ ಬೀಳದಿದ್ದರೆ ಯಾರದೋ ಬರಹ ಬ್ಯಾಕಪ್ಪಿನಲ್ಲಿ ಇರುವುದೇ ಇಲ್ಲ, ಮತ್ತು ಅದು ಇಲ್ಲವೆಂದು ತಿಳಿಯುವುದು ಬೇಕಾದ ದಿನವೇ.

ಈ ಪಟವನ್ನು ಡಿಸ್ಕಿನ ಕಡತದೊಳಗೇ ಉಳಿಸಿಡಬಹುದು. ಸರ್ವರ್ ಓಡುವಷ್ಟು ಹೊತ್ತು ಅದರ ಮೇಲೆ ‘ಬಳಕೆಯಲ್ಲಿದೆ’ ಎಂಬ ಗುರುತಿರುತ್ತದೆ. ಕ್ರಮವಾಗಿ ಮುಚ್ಚಿದಾಗ ಅದು ಅಳಿಯುತ್ತದೆ. ಕರೆಂಟು ಹೋಗಿ ಸರ್ವರ್ ತಟ್ಟನೆ ನಿಂತರೆ ಗುರುತು ಹಾಗೇ ಉಳಿಯುತ್ತದೆ. ಮತ್ತೆ ಎದ್ದಾಗ ಕ್ಯೂಎಮು ಆ ಗುರುತು ನೋಡಿ ಇಡೀ ಪಟವನ್ನೇ ನಂಬದೆ ಬಿಡುತ್ತದೆ. ಬಹುಶಃ ಚುಕ್ಕಿಗಳೆಲ್ಲ ಸರಿಯಾಗೇ ಇದ್ದಿರಬಹುದು, ಆದರೂ ಒಂದನ್ನೂ ಒಪ್ಪುವುದಿಲ್ಲ. ಆ ರಾತ್ರಿ ಬ್ಯಾಕಪ್ಪು ಮೊದಲ ತುಂಡಿನಿಂದ ಹಿಡಿದು 1,67,77,216ನೆಯದರವರೆಗೆ ಮತ್ತೊಮ್ಮೆ ಓದುತ್ತದೆ. ನಾನು ಎಚ್ಚರವಿದ್ದು ನೋಡುತ್ತೇನೆ.