ಯಾರೂ ನೋಡದ ಚೆಂಡು

ಅಮೆರಿಕದ ಕಾರ್ನ್ ಫೆರ್ರಿ ಟೂರ್ ಗಾಲ್ಫಿನ ಎರಡನೇ ದರ್ಜೆ. 36 ಹೋಲ್ ಮುಗಿದಾಗ ಕಟ್ ತಪ್ಪಿದವನಿಗೆ ಬಹುಮಾನದ ಹಣವಿಲ್ಲ. ವಿಮಾನ, ಹೋಟೆಲು, ಕ್ಯಾಡಿಯ ಖರ್ಚು ಮಾತ್ರ ತಪ್ಪಿದ್ದಲ್ಲ. ಆದರೂ ಯಾರೂ ಕಾಣದ ತಪ್ಪನ್ನು ಆಟಗಾರ ತಾನೇ ಹೇಳಿಕೊಳ್ಳಬೇಕು.

2008ರಲ್ಲಿ ಪಿಜಿಎ ಟೂರಿನ ಅರ್ಹತಾ ಸುತ್ತಿನಲ್ಲಿದ್ದ ಜೆ.ಪಿ. ಹೇಯ್ಸ್‌ಗೆ, ತಾನು ಆಡಿದ ಒಂದು ಚೆಂಡಿಗೆ ಮಾನ್ಯತೆಯಿಲ್ಲದಿರಬಹುದೆಂದು ಹೋಟೆಲ್ ಕೋಣೆಯಲ್ಲಿ ಹೊಳೆಯಿತು. ತಾನೇ ಫೋನ್ ಮಾಡಿ ತಿಳಿಸಿದ, ಅನರ್ಹನಾದ. ಎಲ್ಲರೂ ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಹೇಯ್ಸ್ ಅಷ್ಟರಲ್ಲಿ ಎರಡು ಪಿಜಿಎ ಟೂರ್ನಿ ಗೆದ್ದಿದ್ದ. ಬಾಡಿಗೆಗೇ ಪರದಾಡುವ ಹುಡುಗನಿಗೆ ಅದೇ ಫೋನ್ ಎಷ್ಟು ದುಬಾರಿ! ನಿಯಮ ಇಬ್ಬರಿಗೂ ಒಂದೇ ಇರಲಿ, ಒಪ್ಪುತ್ತೇನೆ. ಮೆಚ್ಚುಗೆಯೂ ಒಂದೇ ತೂಕದ್ದಾಗಿರಬೇಕೆ? ಬಗ್ ತನ್ನದೇ ಎಂದು ಕಾಂಟ್ರಾಕ್ಟ್ ಹುಡುಗನೊಬ್ಬ ಮೀಟಿಂಗಿನಲ್ಲಿ ಬಾಯಿಬಿಟ್ಟಾಗಲೆಲ್ಲ, ನಾನು ಮೊದಲು ನೋಡುವುದು ಅವನ ಕಾಂಟ್ರಾಕ್ಟ್ ಮುಗಿಯುವ ತಾರೀಖನ್ನು.